ಪಾಸಾದದ್ದಕ್ಕೆ ಒಂದು ಕಾರ್ಡು, ಕಲಿತದ್ದಕ್ಕೆ ಇನ್ನೊಂದು

ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಪಾಸಾಗಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ ಶೇ 33ಕ್ಕೆ ಇಳಿಸುವುದಾಗಿ ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಮಟ್ಟ ಕುಸಿಯಿತು ಎಂದು ಕೆಲವರು ಕಳವಳಪಟ್ಟರು, ಮಕ್ಕಳು ಬದುಕಿಕೊಂಡರು ಎಂದು ಕೆಲವರು ಸಮಾಧಾನಪಟ್ಟರು. ಎರಡು ಅಂಕದ ಈ ವಾದದಲ್ಲಿ ಮುಖ್ಯವಾದ ಪ್ರಶ್ನೆ ಬದಿಗೆ ಸರಿಯಿತು. ಹತ್ತನೇ ತರಗತಿಯ ಅಂಕಪಟ್ಟಿ ಯಾವುದಕ್ಕೆ ಸಾಕ್ಷಿ? ಹತ್ತು ವರ್ಷ ಶಾಲೆ ಕಲಿತದ್ದಕ್ಕೋ, ಉಳಿದವರಿಗಿಂತ ಮುಂದಿದ್ದದ್ದಕ್ಕೋ, ಒಂದು ಕೆಲಸ ಮಾಡಬಲ್ಲ ಎಂಬುದಕ್ಕೋ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ತಂದೆತಾಯಿಗಳು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಹೆಚ್ಚು ಗಂಭೀರವಾಗಿ ಕೇಳಿಕೊಳ್ಳಬೇಕು. ಇಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ತಂಬಾಕು ವ್ಯಾಪಾರವಿದೆ, ಚಪ್ಪಲಿ ಹೊಲಿಯುವ ಮನೆಗಳಿವೆ, ಬೆನ್ನಿಗೇ ಇನ್ನೊಂದು ರಾಜ್ಯದ ಶಾಲೆ ಕಾಲೇಜುಗಳಿವೆ. ನನ್ನ ವಾದ ಇಷ್ಟು: ಎಸ್‌ಎಸ್‌ಎಲ್‌ಸಿ ಕಾರ್ಡು ಮೊದಲನೆಯ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದನ್ನು ಅರೆಬರೆಯಾಗಿ ಮಾಡುತ್ತದೆ, ಮೂರನೆಯದನ್ನು ಮಾಡುವುದೇ ಇಲ್ಲ. ಆದ್ದರಿಂದ ಆ ಕಾರ್ಡನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬಾರದು, ಅದನ್ನೊಂದೇ ನೆಚ್ಚಿಕೊಂಡು ಕೂರಲೂಬಾರದು. ಕೌಶಲಕ್ಕೆ ಬೇರೆ ಕಾಗದ ಬೇಕು, ಮತ್ತು ಆ ಕಾಗದ ಮುಂದೆ ಎಲ್ಲಿ ನಡೆಯುತ್ತದೆ ಎಂಬುದನ್ನು ಕೋರ್ಸಿಗೆ ಸೇರುವ ಮೊದಲೇ ವಿಚಾರಿಸಬೇಕು.

ಮೊದಲು ಪಾಸಾಗುವ ನಿಯಮ. ಎಸ್‌ಎಸ್‌ಎಲ್‌ಸಿಯಲ್ಲಿ ಆರು ವಿಷಯ, ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಶಾಲೆಯಲ್ಲಿ ಓದುವ ಮಕ್ಕಳಿಗೆ ಪ್ರಥಮ ಭಾಷೆಯಲ್ಲಿ 25, ಉಳಿದ ವಿಷಯಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದಿಂದ ಬರುತ್ತವೆ. ಹೊಸ ನಿಯಮದಂತೆ ಆಂತರಿಕ ಮತ್ತು ಲಿಖಿತ ಅಂಕ ಸೇರಿ ಒಟ್ಟು 625ಕ್ಕೆ 206 ಬರಬೇಕು, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು. ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 198, ಪ್ರತಿ ವಿಷಯದಲ್ಲಿ ಶೇ 30. ಎರಡೂ ಷರತ್ತು ಒಟ್ಟಿಗೇ ಪೂರೈಸಬೇಕೆಂಬುದನ್ನು ಮರೆಯಬಾರದು. ಎಲ್ಲ ವಿಷಯದಲ್ಲೂ ಮೂವತ್ತರ ಗಡಿಯಲ್ಲೇ ನಿಂತ ಮಗುವಿಗೆ ಒಟ್ಟು ಮೊತ್ತ ಸಾಲುವುದಿಲ್ಲ. ಗಣಿತದಲ್ಲಿ ಮೂವತ್ತು ಬಂದರೆ ಕನ್ನಡದಲ್ಲೋ ಸಮಾಜ ವಿಜ್ಞಾನದಲ್ಲೋ ಆ ಕೊರತೆ ತುಂಬಬೇಕು. ಹಾಜರಾತಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಶುರುವಾಗಿ ಪರೀಕ್ಷೆಯ ಹೊಸ್ತಿಲಿನವರೆಗೂ ನಡೆಯುವ ಈ ಸೀಮೆಯಲ್ಲಿ ಹತ್ತನೆಯ ತರಗತಿಯ ಹುಡುಗನನ್ನು ಹೊಲದ ಕೆಲಸಕ್ಕೆ ಇಟ್ಟುಕೊಳ್ಳುವ ಮನೆಗಳು ಈ ಒಂದು ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

2024ರಲ್ಲಿ ‘ವಾರ್ಷಿಕ’, ‘ಪೂರಕ’ ಎಂಬ ಹಳೆಯ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಪದ್ಧತಿ ಬಂತು. ಮೊದಲ ಸಲ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಬಂದದ್ದರಲ್ಲಿ ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳಬಹುದು. ನಿಮ್ಮ ಮಗು ಬರೆಯುವ ವರ್ಷದಲ್ಲಿ ಎಷ್ಟು ಅವಕಾಶಗಳಿವೆ, ಕೊನೆಯ ದಿನಾಂಕ ಯಾವುದು ಎಂಬುದನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಆ ವರ್ಷದ ಸುತ್ತೋಲೆ ನೋಡಿಯೇ ತಿಳಿಯಬೇಕು. ಹಿಂದಿನ ವರ್ಷದ ನಿಯಮ ಹೇಳುವ ನೆಂಟರನ್ನು ನಂಬಬಾರದು. ಫಲಿತಾಂಶದಲ್ಲಿ ಅನುಮಾನವಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬೇಕು, ಅದನ್ನು ವಿಷಯ ಶಿಕ್ಷಕರಿಗೆ ತೋರಿಸಿ ಆಮೇಲೆ ಮರುಎಣಿಕೆಯೋ ಮರುಮೌಲ್ಯಮಾಪನವೋ ಎಂದು ತೀರ್ಮಾನಿಸಬೇಕು. ಬೆಳಗಾವಿ ಕಂದಾಯ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಈ ಐದೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಆದ್ದರಿಂದ ಶಾಲಾ ಹಂತದ ದೂರು, ತಿದ್ದುಪಡಿಗಳು ಮುಖ್ಯ ಶಿಕ್ಷಕರಿಂದ ಆಯಾ ತಾಲ್ಲೂಕಿನ ಬಿಇಒ ಕಚೇರಿಗೆ, ಅಲ್ಲಿಂದ ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಗೆ ಹೋಗಬೇಕು. ಬೆಳಗಾವಿಗೆ ಅಲೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಈ ಅಂಕಗಳನ್ನು ಎಷ್ಟು ನಂಬಬಹುದು? ರಾಜ್ಯದ ಫಲಿತಾಂಶಗಳೇ ಉತ್ತರ ಹೇಳುತ್ತವೆ. 2021ರಲ್ಲಿ ಕೊರೊನಾ ಕಾಲದಲ್ಲಿ ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ನಡೆದು ಶೇ 99.99ರಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿ ಪಾಸಾದರು. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ನಕಲಿಗೆ ಕಡಿವಾಣ ಬಿತ್ತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೆ! ಮೂರು ವರ್ಷದಲ್ಲಿ ರಾಜ್ಯದ ಮಕ್ಕಳ ಬುದ್ಧಿ ಇಷ್ಟು ಏರಿಳಿಯಲು ಸಾಧ್ಯವಿಲ್ಲ. ಬದಲಾದದ್ದು ಪರೀಕ್ಷೆಯ ಮಾದರಿ, ಕಾವಲು ಮತ್ತು ಕೃಪೆ. ಹೀಗಿರುವಾಗ ಮೂವತ್ಮೂರೋ ಮೂವತ್ತೈದೋ ಎಂಬುದು ಜ್ಞಾನದ ಗಡಿರೇಖೆ ಎಂದು ವಾದಿಸುವುದು ಹುರುಳಿಲ್ಲದ ಮಾತು. ಸರ್ಕಾರಕ್ಕೂ ಇದು ಗೊತ್ತಿದೆ. ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯುವ ಗ್ರಾಮ ಲೆಕ್ಕಾಧಿಕಾರಿ ಹುದ್ದೆಯನ್ನು ಹಿಂದೆ ಪಿಯುಸಿ ಅಂಕಗಳ ಮೇಲೆ ತುಂಬುತ್ತಿದ್ದರು. 2024ರ ನೇಮಕಾತಿಯಲ್ಲಿ ಅದನ್ನು ಬಿಟ್ಟು ಪ್ರತ್ಯೇಕ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿದರು. ಬೇರೆ ಬೇರೆ ಮಂಡಳಿಗಳು ಕೊಟ್ಟ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಆಗದ ಕೆಲಸ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಇಂಥದೇ ತೊಳಲಾಟ ಹೊರ ದೇಶಗಳಲ್ಲೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹತ್ತನೇ ತರಗತಿಯ ರಾಜ್ಯಮಟ್ಟದ ಪರೀಕ್ಷೆ ಪಾಸಾಗದೆ ಪ್ರೌಢಶಾಲಾ ಪದವಿಪತ್ರ ಇಲ್ಲ ಎಂಬ ನಿಯಮವಿತ್ತು. 2024ರ ನವೆಂಬರಿನಲ್ಲಿ ಅಲ್ಲಿನ ಮತದಾರರು ನೇರ ಮತದಾನದಿಂದಲೇ ಅದನ್ನು ತೆಗೆದುಹಾಕಿದರು. ಆ ಪರೀಕ್ಷೆ ಹೋದ ಜಾಗದಲ್ಲಿ ಮಗುವಿನ ಕಲಿಕೆಗೆ ಸಾಕ್ಷಿ ಯಾವುದು ಎಂಬ ಪ್ರಶ್ನೆ ಅಲ್ಲಿಯೂ ಉಳಿದೇ ಇದೆ.

ಹಾಗೆಂದು ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಹಗುರವಾಗಿ ಕಾಣುವುದು ದೊಡ್ಡ ತಪ್ಪಾದೀತು. ಅದರ ಬೆಲೆ ಜ್ಞಾನದ ಅಳತೆಯಲ್ಲಿಲ್ಲ, ಅದು ತೆರೆಸುವ ಬಾಗಿಲುಗಳಲ್ಲಿದೆ. ಹತ್ತನೆಯ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ಕೊಲ್ಲಿ ದೇಶಗಳ ಕೆಲಸಕ್ಕೆ ಹೋಗುವಾಗ ವಲಸೆ ತಪಾಸಣೆಯ ಮುದ್ರೆ ಬೇಕಾಗುವುದಿಲ್ಲ, ಫೇಲಾದವರಿಗೆ ಬೇಕು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಹತ್ತನೇ ತರಗತಿಯ ಅಂಕಗಳೇ ಆಯ್ಕೆಯ ಆಧಾರ, ಬೇರೆ ಲಿಖಿತ ಪರೀಕ್ಷೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಕರೆದ 2,975 ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೂ ಎಸ್‌ಎಸ್‌ಎಲ್‌ಸಿ ಅಂಕವೇ ಮೂಲ, ಅದರ ಜೊತೆ ಕಂಬ ಹತ್ತುವುದೂ ಸೇರಿದ ದೈಹಿಕ ಪರೀಕ್ಷೆ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ, ಐಟಿಐಯ ಎಲೆಕ್ಟ್ರಿಷಿಯನ್, ಫಿಟ್ಟರ್ ವಿಭಾಗಗಳಿಗೆ ಎಸ್‌ಎಸ್‌ಎಲ್‌ಸಿ ಪಾಸಾಗಿರಲೇಬೇಕು. ಅಂಗನವಾಡಿ ಸಹಾಯಕಿಯ ಹುದ್ದೆಗೂ ಈಗ ಎಸ್‌ಎಸ್‌ಎಲ್‌ಸಿ ಬೇಕು, ಕಾರ್ಯಕರ್ತೆಗೆ ಪಿಯುಸಿ. ಇದೆಲ್ಲದರ ಮೇಲೆ, ಕಾರ್ಡಿನಲ್ಲಿರುವ ಜನ್ಮದಿನಾಂಕ ಜೀವನಪೂರ್ತಿ ಹಿಂಬಾಲಿಸುತ್ತದೆ. ಸರ್ಕಾರಿ ನೌಕರಿ ಸೇರಿದ ಮೇಲೆ ಸೇವಾ ಪುಸ್ತಕದ ಜನ್ಮದಿನಾಂಕ ಬದಲಿಸುವುದಕ್ಕೆ 1974ರ ರಾಜ್ಯ ಕಾನೂನು ಬಿಗಿಯಾದ ಕಾಲಮಿತಿ ಹಾಕಿದೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು, ಅಡ್ಡಹೆಸರು ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ; ಮರಾಠಿ, ಕನ್ನಡ ಎರಡೂ ರೂಢಿಯ ಹೆಸರುಗಳಿರುವ ಈ ಭಾಗದಲ್ಲಿ ಇದು ಮಾಮೂಲಿ ತೊಡಕು. ಒಂಬತ್ತನೆಯ ತರಗತಿಯಲ್ಲಿರುವಾಗಲೇ ಶಾಲೆಯ ದಾಖಲಾತಿ ಪುಸ್ತಕ, ಇಲಾಖೆಯ ಆನ್‌ಲೈನ್ ಸ್ಯಾಟ್ಸ್ ದಾಖಲೆ, ಆಧಾರ್ ಮೂರನ್ನೂ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಪರೀಕ್ಷೆಯ ಅರ್ಜಿ ಹೋದ ಮೇಲೆ ಇದೇ ತಿದ್ದುಪಡಿಗೆ ಅಲೆದಾಟ ಹತ್ತು ಪಟ್ಟು.

ಇನ್ನು ಕೌಶಲದ ಮಾತು. ಈ ಐದು ತಾಲ್ಲೂಕುಗಳಲ್ಲಿ ಕೈಗೆ ಕೆಲಸ ಗೊತ್ತಿದ್ದು ಕಾಗದ ಇಲ್ಲದವರು, ಕಾಗದ ಇದ್ದು ಕೈಗೆ ಕೆಲಸ ಗೊತ್ತಿಲ್ಲದವರು, ಎರಡೂ ಬಗೆಯವರು ತುಂಬಿದ್ದಾರೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ರಾಯಬಾಗ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯನ್ನು ಮಿಲಾನ್‌ನ ಪ್ರದರ್ಶನದಲ್ಲಿ ತೋರಿಸಿ, ಗದ್ದಲವಾದ ಮೇಲೆ ಭಾರತದ ಕರಕುಶಲದಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಆದರೆ ಗುರುತು ಸಿಕ್ಕಿದ್ದು ಚಪ್ಪಲಿಗೆ. ಚರ್ಮ ಹದ ಮಾಡುವ, ಅಟ್ಟೆ ಕತ್ತರಿಸುವ, ಜಡೆ ಹೆಣೆಯುವ ಮನುಷ್ಯನ ಕೈಗೆ ಶಾಲೆ ಯಾವ ಗುರುತನ್ನೂ ಕೊಟ್ಟಿಲ್ಲ. ಆ ಮನೆಯ ಹುಡುಗಿ ಹತ್ತನೆಯಲ್ಲಿ ಗಣಿತದಲ್ಲಿ ಬಿದ್ದರೆ ಅವಳ ಕಾರ್ಡು ಹೇಳುವುದು ಬಿದ್ದಳು ಎಂಬುದನ್ನು ಮಾತ್ರ.

ರಾಜ್ಯಕ್ಕೆ ಕೌಶಲ ಅಳೆಯುವುದು ಗೊತ್ತಿಲ್ಲವೆಂದಲ್ಲ. ಜೀವಕ್ಕೆ ಅಪಾಯವಿರುವ ಕಡೆ ಅದು ತುಂಬ ಎಚ್ಚರದಿಂದ ಅಳೆಯುತ್ತದೆ. ಉಗಾರದ ಸಕ್ಕರೆ ಕಾರ್ಖಾನೆಯಲ್ಲಾಗಲಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಕಾರ್ಖಾನೆಯಲ್ಲಾಗಲಿ, ನಿಪ್ಪಾಣಿಯ ಹಾಲಸಿದ್ಧನಾಥದಲ್ಲಾಗಲಿ ಬಾಯ್ಲರ್ ನಡೆಸುವವನಿಗೆ ಸಾಮರ್ಥ್ಯ ಪ್ರಮಾಣಪತ್ರ ಬೇಕು; ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಅದಿಲ್ಲದೆ ಬಾಯ್ಲರ್ ಮುಟ್ಟುವಂತಿಲ್ಲ. ಕಟ್ಟಡಗಳ ವೈರಿಂಗ್ ಮಾಡುವವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಲಾರಿ ಚಾಲಕರ ವಿಷಯ ಇನ್ನೂ ಸ್ಪಷ್ಟ. ಸರಕು ಸಾಗಣೆ ವಾಹನ ಓಡಿಸಲು ಎಂಟನೆಯ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಓಡಿಸುವುದು ಬರುತ್ತದೋ ಇಲ್ಲವೋ ಎಂಬುದನ್ನು ಓಡಿಸಿ ನೋಡಿಯೇ ತಿಳಿಯಬೇಕು, ಶಾಲೆಯ ದಾಖಲೆ ನೋಡಿ ಅಲ್ಲ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಈ ತಿಳಿವಳಿಕೆ ಬಾಯ್ಲರಿಗೆ, ತಂತಿಗೆ, ಲಾರಿಗೆ ಸಲ್ಲುವುದಾದರೆ ಹೊಲಿಗೆಗೆ, ಮೋಟಾರು ರಿಪೇರಿಗೆ, ಕಂಪ್ಯೂಟರ್ ಕೆಲಸಕ್ಕೆ, ರೋಗಿಯ ಆರೈಕೆಗೆ ಯಾಕೆ ಸಲ್ಲಬಾರದು?

ಸಲ್ಲಬೇಕೆಂಬ ಉದ್ದೇಶದಿಂದಲೇ 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ಎನ್‌ಎಸ್‌ಕ್ಯೂಎಫ್ ಎಂದು ಶಾಲೆಗಳಲ್ಲಿ ಕರೆಯುವುದು ಇದನ್ನೇ. ಕರ್ನಾಟಕದಲ್ಲಿ ಆಯ್ದ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್, ಸಿದ್ಧ ಉಡುಪು, ಎಲೆಕ್ಟ್ರಾನಿಕ್ಸ್ ಮುಂತಾದ ವಿಷಯಗಳಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲೂ ಅದು ಒಂದು ವಿಷಯವೇ. ಎಲ್ಲ ಶಾಲೆಗಳಲ್ಲೂ ಇದು ಇಲ್ಲ, ಇರುವ ಶಾಲೆಯಲ್ಲೂ ಎಲ್ಲ ವಿಷಯಗಳಿಲ್ಲ. ಆದ್ದರಿಂದ ಎಂಟನೆಯ ತರಗತಿ ಮುಗಿಯುವ ಹೊತ್ತಿಗೇ ತಂದೆತಾಯಿಗಳು ಮುಖ್ಯ ಶಿಕ್ಷಕರನ್ನು ನಾಲ್ಕು ಪ್ರಶ್ನೆ ಕೇಳಬೇಕು. ಇಲ್ಲಿ ಯಾವ ವಿಷಯವಿದೆ? ಕಲಿಸುವವರು ವರ್ಷಪೂರ್ತಿ ಇರುತ್ತಾರೆಯೇ? ಪ್ರಾಯೋಗಿಕ ಪರೀಕ್ಷೆ ಯಾರು ಮಾಡುತ್ತಾರೆ? ಅಂಕಪಟ್ಟಿಯಲ್ಲದೆ ಬೇರೆ ಪ್ರಮಾಣಪತ್ರ ಕೈಗೆ ಬರುತ್ತದೆಯೇ, ಬಂದರೆ ಅದರ ಮೇಲೆ ಯಾವ ಹಂತ ಬರೆದಿರುತ್ತದೆ? ನಾಲ್ಕನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಾರದಿದ್ದರೆ ಮಗು ಕಲಿಯುವುದು ಇನ್ನೊಂದು ಪಾಠವನ್ನೇ ಹೊರತು ಕೌಶಲವನ್ನಲ್ಲ. ಶಾಲೆಯ ಎಸ್‌ಡಿಎಂಸಿಯಲ್ಲಿ ಇರುವ ತಂದೆತಾಯಿಗಳು ಈ ಪ್ರಶ್ನೆಗಳನ್ನು ಸಭೆಯ ನಡಾವಳಿಯಲ್ಲಿ ಬರೆಸಿದರೆ ಉತ್ತರ ಬೇಗ ಬರುತ್ತದೆ. 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿ ಹಾಕಿಕೊಂಡಿತ್ತು. ಆ ವರ್ಷ ಬಂದು ಹೋಯಿತು.

ಕೌಶಲದ ಎರಡನೆಯ ದಾರಿ ಐಟಿಐ. ಇಲ್ಲಿ ನಮ್ಮ ಜನ ಮರೆಯುವ ಒಂದು ಸಂಗತಿಯಿದೆ. ವೆಲ್ಡರ್, ವೈರ್‌ಮನ್ ಮುಂತಾದ ಕೆಲವು ವಿಭಾಗಗಳಿಗೆ ಎಂಟನೆಯ ತರಗತಿ ಪಾಸಾಗಿದ್ದರೂ ಸಾಕು, ಎಸ್‌ಎಸ್‌ಎಲ್‌ಸಿಯಲ್ಲಿ ಬಿದ್ದ ಹುಡುಗನಿಗೆ ಐಟಿಐ ಬಾಗಿಲು ಪೂರ್ತಿ ಮುಚ್ಚಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ. ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ದಾರಿಯಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಲಾಗಿದೆ. ನಿಮ್ಮ ತಾಲ್ಲೂಕಿನ ಐಟಿಐ ಆ ಪಟ್ಟಿಯಲ್ಲಿದೆಯೇ, ಕಾರ್ಯಾಗಾರದಲ್ಲಿ ಯಂತ್ರಗಳು ಓಡುತ್ತಿವೆಯೇ ಎಂದು ಹೋಗಿ ಕಣ್ಣಾರೆ ನೋಡಿಯೇ ಸೇರಿಸಬೇಕು.

ಕೌಶಲದ ಕಾಗದ ಹಿಡಿದವರು ಎಡವುವುದು ‘ತತ್ಸಮಾನ’ ಎಂಬ ಕಲ್ಲಿಗೆ. ಒಂದು ಕಾಲಕ್ಕೆ ಪದವಿಪೂರ್ವ ಹಂತದಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳಿದ್ದವು. ಅದನ್ನು ಓದಿದ ಒಂದು ಪೀಳಿಗೆ ತಮ್ಮದು ಪಿಯುಸಿಗೆ ಸಮವೋ ಅಲ್ಲವೋ ಎಂದು ಕಚೇರಿಯಿಂದ ಕಚೇರಿಗೆ ಅಲೆಯಿತು. ಇಂದು ನಿಯಮ ಸ್ವಲ್ಪ ಸ್ಪಷ್ಟವಾಗಿದೆ. 2024ರ ಗ್ರಾಮ ಲೆಕ್ಕಾಧಿಕಾರಿ ಅಧಿಸೂಚನೆಯಲ್ಲಿ ಪಿಯುಸಿಗೆ ಸಮವೆಂದು ಒಪ್ಪಿದ್ದು ಇವನ್ನು: ಸಿಬಿಎಸ್‌ಇ, ಐಸಿಎಸ್‌ಇ ಮತ್ತು ಬೇರೆ ರಾಜ್ಯ ಮಂಡಳಿಗಳ ಹನ್ನೆರಡನೇ ತರಗತಿ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಅಂದರೆ ಎನ್‌ಐಒಎಸ್‌ನ ಹೈಯರ್ ಸೆಕೆಂಡರಿ, ಮೂರು ವರ್ಷದ ಡಿಪ್ಲೊಮಾ, ಎರಡು ವರ್ಷದ ಐಟಿಐ, ಎರಡು ವರ್ಷದ ವೃತ್ತಿ ಡಿಪ್ಲೊಮಾ. ಆದರೆ ಐಟಿಐ ಮತ್ತು ವೃತ್ತಿ ಡಿಪ್ಲೊಮಾದವರು ಒಂದು ಭಾಷೆ ಮತ್ತು ಒಂದು ಶೈಕ್ಷಣಿಕ ವಿಷಯವನ್ನು ಎನ್‌ಐಒಎಸ್‌ನಲ್ಲೋ ಪದವಿಪೂರ್ವ ಇಲಾಖೆಯ ಪರೀಕ್ಷೆಯಲ್ಲೋ ಬರೆದು ಪಾಸಾಗಿರಬೇಕೆಂಬ ಷರತ್ತಿತ್ತು. ಈ ಸಣ್ಣ ಷರತ್ತನ್ನು ಅರ್ಜಿ ಹಾಕುವ ವಾರದಲ್ಲಿ ಓದಿದವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಐಟಿಐಗೆ ಸೇರುವ ಮಗ ಮೊದಲ ವರ್ಷದಲ್ಲೇ ಆ ಎರಡು ಪತ್ರಿಕೆಗಳನ್ನು ಕಟ್ಟಿ ಮುಗಿಸಿಕೊಂಡರೆ ಅವನ ಕೈಯಲ್ಲಿ ಎರಡೂ ಬಗೆಯ ಕಾಗದ ಇರುತ್ತದೆ. ಇಡೀ ಲೇಖನದಿಂದ ಓದುಗರು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ಅನ್ಯಾಯ. ಶಾಲೆಯಲ್ಲಿ ವೃತ್ತಿ ಕಲಿಸುವುದು ಎಂದರೆ ಬಡವರ, ದಲಿತರ ಮಕ್ಕಳನ್ನು ಅಪ್ಪ ಅಜ್ಜನ ಕಸುಬಿಗೇ ಕಟ್ಟಿಹಾಕುವುದಲ್ಲವೇ? 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಅರ್ಧ ದಿನ ಶಾಲೆ, ಅರ್ಧ ದಿನ ಮನೆಯ ಕಸುಬು ಎಂಬ ಯೋಜನೆ ತಂದಾಗ ಅದು ಕುಲಕಸುಬಿನ ಶಿಕ್ಷಣವೆಂದು ಜನ ಸಿಡಿದೆದ್ದರು, ಮರುವರ್ಷವೇ ಅದು ರದ್ದಾಯಿತು. ಆ ಸಿಟ್ಟು ನ್ಯಾಯವಾದದ್ದು. ಅಥಣಿಯ ಚಪ್ಪಲಿ ಮನೆಯ ಹುಡುಗಿ ಡಾಕ್ಟರಾಗಲು ಬಯಸಿದರೆ ಅವಳ ಕೈಗೆ ಉಳಿ ಕೊಟ್ಟು ಕೂರಿಸುವ ಹಕ್ಕು ಯಾವ ಶಾಲೆಗೂ ಇಲ್ಲ. ಆದರೆ ಇಂದಿನ ಸ್ಥಿತಿಯಲ್ಲಿ ಅವಳಿಗೆ ಎರಡು ಕಡೆಯಿಂದಲೂ ನಷ್ಟವಾಗುತ್ತಿದೆ: ಗಣಿತದ ಮೂವತ್ತು ಅಂಕ ಬಾರದೆ ಶಾಲೆ ಅವಳನ್ನು ಹೊರಗೆ ಬಿಡುತ್ತದೆ, ಹೊರಗೆ ಬಂದ ಮೇಲೆ ಅವಳಿಗೆ ಗೊತ್ತಿರುವ ಕೆಲಸಕ್ಕೂ ಹೆಸರಿಲ್ಲ. ಕಸುಬಿನ ಪ್ರಮಾಣಪತ್ರ ಕಟ್ಟಿಹಾಕುವ ಹಗ್ಗವಾಗುವುದು ಅದರ ಮುಂದೆ ದಾರಿ ಇಲ್ಲದಿದ್ದಾಗ. ಎನ್‌ಎಸ್‌ಕ್ಯೂಎಫ್ ವಿಷಯ ತೆಗೆದುಕೊಂಡವಳು ಪಿಯು ವಿಜ್ಞಾನಕ್ಕೂ ಹೋಗಬಹುದು, ಐಟಿಐ ಮುಗಿಸಿದವನು ಎಂಜಿನಿಯರ್ ಆಗಬಹುದು ಎಂಬ ಏಣಿ ಗಟ್ಟಿಯಾಗಿದ್ದಾಗ ಮಾತ್ರ ಕೌಶಲ ಶಿಕ್ಷಣಕ್ಕೆ ನೈತಿಕ ನೆಲೆ ಇರುತ್ತದೆ. ಆದ್ದರಿಂದಲೇ ಎಸ್‌ಎಸ್‌ಎಲ್‌ಸಿಯ ಗಣಿತ, ವಿಜ್ಞಾನ, ಭಾಷೆಗಳನ್ನು ಬಿಟ್ಟು ಬರೀ ಕಸುಬು ಕಲಿಸಿ ಎಂದು ನಾನು ಹೇಳುವುದಿಲ್ಲ. ಎರಡೂ ಇರಲಿ, ಎರಡಕ್ಕೂ ಬೇರೆ ಬೇರೆ ಸಾಕ್ಷಿ ಇರಲಿ ಎಂಬುದೇ ನನ್ನ ಮಾತು.

ಪಾಸ್ ಅಂಕ ಇಳಿಸಿದರೆ ಕಾರ್ಡಿನ ಬೆಲೆಯೇ ಹೋಗುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಎನ್‌ಐಒಎಸ್‌ನಲ್ಲಿ ಪಾಸಿಗೆ ಶೇ 33 ಬಹಳ ಕಾಲದಿಂದಲೇ ಇದೆ, ಸಿಬಿಎಸ್‌ಇಯಲ್ಲೂ ಅಷ್ಟೇ. ಅಂಕಪಟ್ಟಿಯಲ್ಲಿ ಅಂಕ ಕಾಣುತ್ತಲೇ ಇರುತ್ತದೆ; ಹೆಚ್ಚು ಬೇಕಾದ ಕಾಲೇಜು ಹೆಚ್ಚು ಕೇಳಿಕೊಳ್ಳಲಿ. ಬಾಗಿಲಾಚೆ ಹೋಗಲು ಬೇಕಾದ ಕನಿಷ್ಠ ಅಂಕ ತುಸು ಕೆಳಗಿದ್ದರೆ ಒಳಗೆ ಇರುವವರಿಗೆ ಯಾವ ಹಾನಿಯೂ ಇಲ್ಲ. ಹಾನಿ ಇರುವುದು ನಕಲಿಗೆ ಕಣ್ಣುಮುಚ್ಚಿದಾಗ.

ಗಡಿಯ ವಿಚಾರಕ್ಕೆ ಬರೋಣ, ಈ ಸೀಮೆಗೆ ವಿಶೇಷವಾದದ್ದು ಇದೇ. ನಿಪ್ಪಾಣಿಗೆ ಕಾಗಲ್, ಕಾಗವಾಡಕ್ಕೆ ಮಿರಜ, ಅಥಣಿಗೆ ಜತ್ತ ಹತ್ತಿರ. ‘ಆಚೆ ಕಡೆ ಪಾಸಾಗುವುದು ಸುಲಭ’ ಎಂಬ ಮಾತು ಕೇಳಿ ಮಕ್ಕಳನ್ನು ಆಚೆ ಶಾಲೆಗೆ ಹಾಕುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಒಂದೆರಡು ವಿಷಯದಲ್ಲಿ ಬಿದ್ದವರಿಗೂ ಎಟಿಕೆಟಿ ಸೌಲಭ್ಯದಡಿ ಹನ್ನೊಂದನೆಯ ತರಗತಿಗೆ ಪ್ರವೇಶವಿದೆ. ಬಿದ್ದವರ ಅಂಕಪಟ್ಟಿಯಲ್ಲಿ ‘ಅನುತ್ತೀರ್ಣ’ ಎನ್ನುವ ಬದಲು ಕೌಶಲ್ಯಾಭಿವೃದ್ಧಿಗೆ ಅರ್ಹ ಎಂದು ಬರೆಯುವ ಕ್ರಮವನ್ನೂ ಅಲ್ಲಿ ತಂದರು. ಒಳ್ಳೆಯ ಯೋಚನೆ, ನಮ್ಮಲ್ಲೂ ಆಗಲಿ. ಆದರೆ ಅದಕ್ಕಾಗಿ ಗಡಿ ದಾಟಿದರೆ ಏನೇನು ಕಳೆಯುತ್ತದೆ ಎಂದು ಲೆಕ್ಕ ಹಾಕಬೇಕು. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿ ಮೀಸಲಾತಿ ಸಿಗಲು ಒಂದರಿಂದ ಹತ್ತನೆಯ ತರಗತಿವರೆಗೆ ಪುರಸಭೆ, ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಾಚೆಯ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಶೇ 5 ಮೀಸಲಾತಿಗೂ ಹತ್ತು ವರ್ಷದ ಓದು ಕನ್ನಡದಲ್ಲೇ ಆಗಿರಬೇಕು. ಹಳ್ಳಿಯ ಕನ್ನಡ ಶಾಲೆಯಲ್ಲಿ ಎಂಟು ವರ್ಷ ಓದಿ ಕೊನೆಯ ಎರಡು ವರ್ಷ ಸಾಂಗ್ಲಿಯಲ್ಲೋ ಇಚಲಕರಂಜಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿದರೆ ಎರಡೂ ಕೈಬಿಟ್ಟು ಹೋಗುತ್ತವೆ.

ಹತ್ತನೆಯ ತರಗತಿ ಇಲ್ಲಿ ಮುಗಿಸಿ ಪಿಯುಸಿಗೆ ಆಚೆ ಹೋಗುವುದು ಅಷ್ಟು ಅಪಾಯದ ಹೆಜ್ಜೆಯಲ್ಲ. ಕರ್ನಾಟಕದ ಸಿಇಟಿ ಸೀಟಿನ ಸಾಮಾನ್ಯ ಅರ್ಹತೆಗೆ ಒಂದರಿಂದ ಹನ್ನೆರಡರವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನು ಇಲ್ಲೇ ಪಾಸಾಗಿದ್ದರೆ ಸಾಕು. ಮಹಾರಾಷ್ಟ್ರದ ಸಾಮಾನ್ಯ ನಿಯಮ ಹತ್ತು ಮತ್ತು ಹನ್ನೆರಡು ಎರಡನ್ನೂ ಅಲ್ಲೇ ಪಾಸಾಗಿರಲು ಕೇಳುತ್ತದೆ. ಅಂದರೆ ಹತ್ತು ಇಲ್ಲಿ, ಹನ್ನೆರಡು ಅಲ್ಲಿ ಓದಿದವರಿಗೆ ಕರ್ನಾಟಕದ ಬಾಗಿಲು ತೆರೆದಿರುತ್ತದೆ, ಮಹಾರಾಷ್ಟ್ರದ್ದು ಸಾಮಾನ್ಯವಾಗಿ ತೆರೆಯುವುದಿಲ್ಲ. ಎರಡೂ ರಾಜ್ಯಗಳಲ್ಲಿ ಗಡಿಯ ಮಕ್ಕಳಿಗೆ ಪ್ರತ್ಯೇಕ ಕಲಮುಗಳೂ ಇವೆ. ಗಡಿ ತಂಟೆಯ ಪ್ರದೇಶದಲ್ಲಿ ಓದಿದ ಮರಾಠಿ ಮಾತೃಭಾಷೆಯವರನ್ನು ಮಹಾರಾಷ್ಟ್ರ ಒಂದು ವರ್ಗವಾಗಿ ಒಪ್ಪುತ್ತದೆ. ಜತ್ತ, ಅಕ್ಕಲಕೋಟ, ಗಡಹಿಂಗ್ಲಜ, ದಕ್ಷಿಣ ಸೊಲ್ಲಾಪುರ ಮತ್ತು ಕಾಸರಗೋಡು ಕಡೆಯ ಕನ್ನಡಿಗ ಮಕ್ಕಳನ್ನು ಕರ್ನಾಟಕ ಗಡಿನಾಡು ಕನ್ನಡಿಗರೆಂದು ಒಪ್ಪುತ್ತದೆ. ಅಥಣಿ, ಕಾಗವಾಡದ ಮನೆಗಳಿಗೆ ಜತ್ತ ಕಡೆಯ ನೆಂಟಸ್ತನ ಸಾಕಷ್ಟಿರುವುದರಿಂದ ಈ ಮಾಹಿತಿಯನ್ನು ಅತ್ತ ದಾಟಿಸುವುದೂ ನಮ್ಮ ಕೆಲಸ. ಆಚೆಯಿಂದ ಇಲ್ಲಿಯ ಪಿಯು ಕಾಲೇಜಿಗೆ ಬರುವವರು ವಲಸೆ ಪ್ರಮಾಣಪತ್ರ ಮತ್ತು ಅರ್ಹತಾ ಪತ್ರ ಮೊದಲೇ ಮಾಡಿಸಿಕೊಳ್ಳಬೇಕು.

ಇಲ್ಲಿ ಮರಾಠಿ, ಉರ್ದು ಮಾಧ್ಯಮದಲ್ಲಿ ಓದುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಎಸ್‌ಎಸ್‌ಎಲ್‌ಸಿಯನ್ನು ನಿಮ್ಮ ಮಾಧ್ಯಮದಲ್ಲೇ ಬರೆಯಬಹುದು, ಅದರಿಂದ ಕಾರ್ಡಿನ ಬೆಲೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ರಾಜ್ಯ ಸರ್ಕಾರದ ಕೆಲಸ ಬಯಸುವವರು ಕನ್ನಡವನ್ನು ಪಾಸಿಗಷ್ಟೇ ಓದಿ ಬಿಡಬಾರದು. ಗ್ರಾಮ ಲೆಕ್ಕಾಧಿಕಾರಿ ನೇಮಕಾತಿಯಲ್ಲಿ 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 50 ಬಾರದವರ ಉಳಿದ ಪತ್ರಿಕೆಗಳಿಗೆ ಬೆಲೆಯೇ ಇರಲಿಲ್ಲ. ಭಾಷೆ ಇಲ್ಲಿ ಅಭಿಮಾನದ ವಿಷಯವಾಗುವ ಮೊದಲು ಅನ್ನದ ವಿಷಯ. ಮರಾಠಿ ಶಾಲೆಯ ಮಗುವಿಗೆ ಒಳ್ಳೆಯ ಕನ್ನಡ ಶಿಕ್ಷಕರನ್ನು ಕೊಡುವುದು ಇಲಾಖೆ ಆ ಮಗುವಿಗೆ ಮಾಡಬಹುದಾದ ದೊಡ್ಡ ಉಪಕಾರ.

ಶಾಲೆ ಬಿಟ್ಟು ವರ್ಷಗಳಾದವರಿಗೂ ಎರಡೂ ಕಾಗದ ಸಿಗುವ ದಾರಿಗಳಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಪಾದರಕ್ಷೆ ಮಾಡುವವರು, ಬಡಿಗೇರರು, ಕಮ್ಮಾರರು, ಕುಂಬಾರರು, ದರ್ಜಿಗಳು ಎಲ್ಲರೂ ಬರುತ್ತಾರೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಣಿ, ಗ್ರಾಮ ಪಂಚಾಯಿತಿ ಇಲ್ಲವೇ ನಗರ ಸ್ಥಳೀಯ ಸಂಸ್ಥೆಯ ಪರಿಶೀಲನೆ, ಆಮೇಲೆ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ. ಐದರಿಂದ ಏಳು ದಿನದ ಮೂಲ ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಸಾಲ. ಮನೆಗೆ ಒಬ್ಬರಿಗೆ ಮಾತ್ರ ಅವಕಾಶ ಇರುವುದರಿಂದ ಯಾರ ಹೆಸರಿನಲ್ಲಿ ನೋಂದಾಯಿಸಬೇಕೆಂದು ಮನೆಯವರು ಕೂತು ಯೋಚಿಸಲಿ. ನಿಜವಾಗಿ ಹೊಲಿಯುವ, ಹೆಣೆಯುವ ಕೈ ಮನೆಯ ಹೆಣ್ಣುಮಗಳದ್ದಾಗಿದ್ದರೆ ಹೆಸರೂ ಅವಳದ್ದೇ ಇರಲಿ. ಆದರೆ ಈ ಪ್ರಮಾಣಪತ್ರ ಹತ್ತನೆಯ ತರಗತಿಗೆ ಸಮವಲ್ಲ. ಅದಕ್ಕೆ ಬೇರೆಯೇ ಅರ್ಜಿ: ಮಂಡಳಿಯ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಬರೆಯುವುದು, ಇಲ್ಲವೇ ಎನ್‌ಐಒಎಸ್. ಎನ್‌ಐಒಎಸ್‌ನಲ್ಲಿ 14 ವರ್ಷ ತುಂಬಿದವರು ಹತ್ತಕ್ಕೆ, 15 ತುಂಬಿದವರು ಹನ್ನೆರಡಕ್ಕೆ ನೋಂದಾಯಿಸಬಹುದು. ನೋಂದಣಿ ಐದು ವರ್ಷ ನಡೆಯುತ್ತದೆ, ಒಂಬತ್ತು ಅವಕಾಶಗಳಿರುತ್ತವೆ, ಒಂದೊಂದೇ ವಿಷಯ ಕಟ್ಟಿ ಪಾಸಾಗುತ್ತ ಹೋಗಬಹುದು. ಹಂಗಾಮು ನೋಡಿ ಕೆಲಸ ಮಾಡುವವರಿಗೆ ಇದು ಒಗ್ಗುತ್ತದೆ. ಯಾವ ಭಾಷೆಯಲ್ಲಿ ಪುಸ್ತಕ ಮತ್ತು ಪ್ರಶ್ನೆಪತ್ರಿಕೆ ಸಿಗುತ್ತದೆ, ಪರೀಕ್ಷಾ ಕೇಂದ್ರ ಎಲ್ಲಿ ಎಂಬುದನ್ನು ಹಣ ಕಟ್ಟುವ ಮೊದಲು ಕೇಳಬೇಕು. ‘ಪರೀಕ್ಷೆ ಬರೆಯದೆ ಕಾರ್ಡು ಕೊಡಿಸುತ್ತೇವೆ’ ಎನ್ನುವವರ ಕೈಗೆ ಒಂದು ರೂಪಾಯಿಯೂ ಕೊಡಬಾರದು. ನೌಕರಿಗೆ ಸೇರುವಾಗ ಅಂಕಪಟ್ಟಿಯ ನೈಜತೆಯನ್ನು ಮಂಡಳಿಯಿಂದಲೇ ಪರಿಶೀಲಿಸುತ್ತಾರೆ, ನಕಲಿ ಕಾರ್ಡು ಹಿಡಿದವರ ಮೇಲೆ ಪೊಲೀಸ್ ಪ್ರಕರಣವಾಗುತ್ತದೆ. ಖಾಸಗಿ ಅಭ್ಯರ್ಥಿಗಳ ನೋಂದಣಿ ಪರೀಕ್ಷೆಗೆ ಹಲವು ತಿಂಗಳು ಮೊದಲೇ ಮುಗಿದುಹೋಗುತ್ತದೆ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲೇ ಹತ್ತಿರದ ಪ್ರೌಢಶಾಲೆಯ ಮುಖ್ಯ ಶಿಕ್ಷಕರನ್ನೋ ಬಿಇಒ ಕಚೇರಿಯನ್ನೋ ಕೇಳಿ ಆ ದಿನಾಂಕ ಬರೆದಿಟ್ಟುಕೊಳ್ಳಬೇಕು.